ಒಂದು ತುತ್ತು, ಒಂದು ಹೆಜ್ಜೆ

ಹಾಲುಗುಂಡಿ ಮಠದಲ್ಲಿ ಎನ್ಕಾರ್ನಾ ಅವರಿಗೆ ಎಲ್ಲಿ ಎಲೆ ಹಾಕುತ್ತಾರೆಂಬುದು ಶಶಿರೇಖಾಳಿಗೆ ಗೊತ್ತಿತ್ತು. ತನಗೆ ಎಲ್ಲಿ ಹಾಕುತ್ತಾರೆಂಬುದೂ ಗೊತ್ತಿತ್ತು. ಆ ಎರಡು ಎಲೆಗಳ ನಡುವೆ ಒಂದು ಕಲ್ಲಿನ ಹೊಸಿಲು ಇದೆ ಎಂಬುದನ್ನು ಮಾತ್ರ ಅವಳು ಎನ್ಕಾರ್ನಾ ಅವರಿಗೆ ಹೇಳಿರಲಿಲ್ಲ. ಮೂರು ವರ್ಷದಿಂದ ಹೇಳಿರಲಿಲ್ಲ. ಹೇಳಲು ಇನ್ನು ಉಳಿದಿದ್ದುದು ಡೆಂಕಣಿಕೋಟೆಯಿಂದ ಮಠದವರೆಗಿನ ಮುಕ್ಕಾಲು ಗಂಟೆಯ ದಾರಿ.

ಗಂಡ ನರೇಶ ಕಾರು ಓಡಿಸುತ್ತಿದ್ದ. ಪಕ್ಕದ ಸೀಟಿನಲ್ಲಿ ಸ್ಪೇನಿನಿಂದ ಬಂದಿದ್ದ ಅರುವತ್ತಾರು ವರ್ಷದ ಎನ್ಕಾರ್ನಾ, ಕಿಟಕಿಯ ಗಾಜು ಪೂರ್ತಿ ಇಳಿಸಿ, ಕೊಯ್ದು ಮುಗಿದ ರಾಗಿ ಹೊಲಗಳನ್ನೂ ಆನೆ ಬಾರದಂತೆ ತೋಡಿದ ಕಂದಕವನ್ನೂ ಮಕ್ಕಳಂತೆ ಕತ್ತು ಚಾಚಿ ನೋಡುತ್ತಿದ್ದರು. ಹಿಂದಿನ ಸೀಟಿನಲ್ಲಿ ಶಶಿರೇಖಾ, ಅವಳ ಪಕ್ಕದಲ್ಲಿ ಒಂದು ಚೀಲ. ಚೀಲದಲ್ಲಿ ನಾಲ್ಕು ಕಿಲೋ ರವೆ, ಬೆಳ್ಳುಳ್ಳಿ, ದಪ್ಪ ಮೆಣಸಿನಕಾಯಿ, ಎರಡು ಕಿಲೋ ದ್ರಾಕ್ಷಿ, ಮತ್ತೆ ಎನ್ಕಾರ್ನಾ ತಮ್ಮೂರಿನಿಂದ ಬಟ್ಟೆಗಳ ನಡುವೆ ಸುತ್ತಿಟ್ಟು ತಂದಿದ್ದ ಆಲಿವ್ ಎಣ್ಣೆಯ ಬಾಟಲಿ.

"ಏನು, ಹೊಸೂರು ಬಿಟ್ಟಾಗಿಂದ ಬಾಯೇ ಬಿಟ್ಟಿಲ್ಲ ನೀನು," ಎಂದ ನರೇಶ, ಕನ್ನಡಿಯಲ್ಲಿ ಅವಳನ್ನು ನೋಡುತ್ತಾ. "ನಿಮ್ಮ ಎಂಕಮ್ಮನಿಗಿಂತ ನಿಂಗೇ ಜಾಸ್ತಿ ಭಯ ಆಗ್ಯದೆ." ಎನ್ಕಾರ್ನಾ ಎಂಬ ಹೆಸರು ನರೇಶನ ತಾಯಿ ಕದಿರಮ್ಮನ ಬಾಯಲ್ಲಿ ಮೊದಲ ದಿನವೇ ಎಂಕಮ್ಮ ಆಗಿತ್ತು. ಎನ್ಕಾರ್ನಾ ಆ ಹೆಸರಿಗೆ ಓಗೊಡುವುದನ್ನೂ ಕಲಿತಿದ್ದರು.

"ಊಟಕ್ಕೆ ಕೂರ್ಸೋವಾಗ ಏನ್ ಮಾಡೋದು ಅಂತ ಯೋಚ್ನೆ."

"ಮಾಡೋದೇನು? ಆಯಮ್ಮ ಒಳಗೆ ಕೂತ್ಕೋತಾರೆ, ನಾವು ಹೊರಗೆ. ಹೊರಜಗಲೀಲಿ ಗಾಳಿ ಚೆನ್ನಾಗಿ ಬೀಸ್ತದೆ. ಕೇಳಿದ್ರೆ ಹಂಗೇ ಹೇಳು."

"ಅವ್ರು ಕೇಳ್ತಾರೆ ಕಣ್ರೀ. ಗಾಳಿ ಅಂದ್ರೆ ಸುಮ್ನಾಗೋ ಹೆಂಗ್ಸಲ್ಲ ಅವ್ರು."

"ಹಂಗಾದ್ರೆ ಇದ್ದಿದ್ದನ್ನ ಹೇಳ್ಬುಡು."

ಹೇಳಿಬಿಡುವುದು ನರೇಶನಿಗೆ ಸುಲಭ. ಅವನು ಯಾರಿಗೂ 'ನಮ್ಮ ಮಠ' ಎಂದು ಹೇಳಿರಲಿಲ್ಲ.

ಹೇಳಿದ್ದವಳು ಶಶಿರೇಖಾ. ಅವಳು ಕೆಲಸ ಮಾಡುವ ಹೊಸೂರಿನ ಕಾರ್ಖಾನೆ, ಗಾಳಿಯಂತ್ರಗಳಿಗೆ ಬೇಕಾದ ಹಲ್ಲುಚಕ್ರಗಳನ್ನು ತಯಾರಿಸುತ್ತದೆ. ಅಲ್ಲಿಂದ ನಾಲ್ವರನ್ನು ಏಳು ತಿಂಗಳ ತರಬೇತಿಗೆ ಸ್ಪೇನಿಗೆ ಕಳಿಸಿದಾಗ ಅವಳೂ ಹೋಗಿದ್ದಳು. ನಕ್ಷೆಗಳ ಮೇಲಿನ ಟಿಪ್ಪಣಿಗಳನ್ನು ಆ ಭಾಷೆಯಿಂದ ಇಂಗ್ಲಿಷಿಗೆ ತರುವುದು ಅವಳ ಕೆಲಸ. ಒಂದು ಮಾತು ಹೆಚ್ಚುಕಡಿಮೆಯಾದರೆ ಒಂದು ಲೋಡು ಕಬ್ಬಿಣ ಗುಜರಿಗೆ ಹೋಗುತ್ತದೆ. ಹಾಗಾಗಿ ಇದ್ದದ್ದನ್ನು ಇದ್ದಂತೆ ದಾಟಿಸುವುದು, ಒಂದಕ್ಕೆ ಎರಡು ಸಲ ನೋಡುವುದು ಅವಳ ಸ್ವಭಾವವೇ ಆಗಿಹೋಗಿತ್ತು.

ಅಲ್ಲಿ ಎನ್ಕಾರ್ನಾ ಅವರ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದಳು. ಒಂದು ಭಾನುವಾರ ಅವರು ಅವಳನ್ನು ಗುಡ್ಡದ ಮೇಲಿನ ಒಂದು ಹಳೇ ಮಠಕ್ಕೆ ಕರೆದುಕೊಂಡು ಹೋದರು. ಪ್ರವಾಸಿಗಳು ಯಾರೂ ಬಾರದ ಜಾಗ. ಐವರು ಮುದಿ ಸಂನ್ಯಾಸಿಗಳು, ಒಂದು ಪಕ್ಕ ಕುಸಿದ ಚಾವಣಿ, ಅಂಗಳದ ನಡುವೆ ಬಾವಿ. ಮಳೆ ಬರುತ್ತಿತ್ತು. ಊರಿನ ಏಳೆಂಟು ಜನ ಮಠದ ಗಾರೆಯ ಕಾಲುವೆಗಳಲ್ಲಿ ಕಟ್ಟಿದ ಎಲೆಕಸ ತೆಗೆಯಲು ಬಂದಿದ್ದರು. ಕೆಲಸ ಮುಗಿದ ಮೇಲೆ ಕೈಸಾಲೆಯಲ್ಲಿ ಒಂದು ದೊಡ್ಡ ಕಬ್ಬಿಣದ ಬಾಣಲೆ ತಂದಿಟ್ಟರು. ಮೀಗಾಸ್ ಎಂದು ಅದರ ಹೆಸರು. ರವೆ, ಬೆಳ್ಳುಳ್ಳಿ, ಎಣ್ಣೆ, ಅಷ್ಟೇ. ಆ ಸೀಮೆಯಲ್ಲಿ ಮಳೆ ಬಂತೆಂದರೆ ಅದನ್ನು ಮಾಡುತ್ತಾರಂತೆ. ಎಲ್ಲರೂ ಬಾಣಲೆಯ ಸುತ್ತ ನಿಂತರು. "ಒಂದು ಚಮಚ ತೆಗೆದುಕೋ, ಒಂದು ಹೆಜ್ಜೆ ಹಿಂದೆ ಹೋಗು, ಮುಂದಿನವರಿಗೆ ಜಾಗ ಬಿಡು," ಎಂದು ಎನ್ಕಾರ್ನಾ ಹೇಳಿಕೊಟ್ಟರು. ಹಿಂದೆ ಕುರಿ ಕಾಯುವವರು ಹಾಗೆ ಉಣ್ಣುತ್ತಿದ್ದರಂತೆ. ಶಶಿರೇಖಾಳ ಎಡಕ್ಕೆ ಒಬ್ಬ ಸಂನ್ಯಾಸಿ, ಬಲಕ್ಕೆ ಟ್ರಾಕ್ಟರ್ ಓಡಿಸುವವನು. ನೀನು ಯಾರವಳು ಎಂದು ಒಬ್ಬರೂ ಕೇಳಲಿಲ್ಲ. ಅವಳ ಚಮಚ ಸ್ವಲ್ಪ ನಡುಗಿತು. ಚಳಿಯಿರಬೇಕೆಂದು ಎನ್ಕಾರ್ನಾ ತಮ್ಮ ಶಾಲು ತೆಗೆದು ಹೊದಿಸಿದರು.

ಆ ಶಾಲಿನ ಬಿಸುಪಿನಲ್ಲೇ ಅವಳ ಬಾಯಿಂದ ಬಂದಿತ್ತು: "ನಮ್ಮೂರಲ್ಲೂ ಇಂಥ ಹಳೇದೊಂದು ಮಠವಿದೆ. ನಮ್ಮ ಮಠ. ನೀವು ಬನ್ನಿ, ಕರೆದುಕೊಂಡು ಹೋಗುತ್ತೇನೆ."

ಬರುತ್ತಾರೆಂದು ಯಾರಿಗೆ ಗೊತ್ತಿತ್ತು?

ಹಾಲುಗುಂಡಿ ಮಠ ಅವಳ ತವರಿನಿಂದ ಎರಡು ಮೈಲಿ. ಹಿಂದೆ ಘಟ್ಟ ಇಳಿದು ಹತ್ತಿ ಹೋಗುವ ಎತ್ತಿನ ವ್ಯಾಪಾರಿಗಳು ತಂಗುತ್ತಿದ್ದ ಜಾಗ. ಆ ಕಾಲದ ಒಂದು ಪದ್ಧತಿ ಈಗಲೂ ಉಳಿದಿತ್ತು. ದೂರದ ನಾಡಿನಿಂದ ಬಂದವರು ಮಠದ ಒಲೆಯ ಮೇಲೆ ತಮ್ಮೂರಿನದೊಂದು ಅಡಿಗೆ ಮಾಡಿ ಮಠದವರಿಗೆ ಹಾಕಬೇಕು, ಮಠದವರು ಅದನ್ನು ಅವರೂರಿನ ರೀತಿಯಲ್ಲೇ ಉಣ್ಣಬೇಕು. ಕೆಲವು ವರ್ಷದ ಹಿಂದೆ ಕಲ್ಲುಕ್ವಾರಿಗೆ ಬಂದಿದ್ದ ರಾಜಸ್ಥಾನದವರು ಬಾಟಿ ಎಂಬ ಗೋಧಿಹಿಟ್ಟಿನ ಗಟ್ಟಿ ಉಂಡೆ ಸುಟ್ಟು, ಅದನ್ನು ಮುಷ್ಟಿಯಿಂದ ಗುದ್ದಿ ಒಡೆದು ತುಪ್ಪದಲ್ಲಿ ಕಲಸಿ ತಿನ್ನಬೇಕೆಂದಾಗ, ಮಠದ ಹಿರಿಯಯ್ಯನವರೂ ಮುಷ್ಟಿ ಕಟ್ಟಿ ಗುದ್ದಿದ್ದರು. ಆ ಕಲ್ಲುಕೆಲಸದವರು ಒಳಪಂಕ್ತಿಯಲ್ಲೇ ಕೂತಿದ್ದರು. ಶಶಿರೇಖಾ ಅದನ್ನು ಹೊರಜಗಲಿಯಿಂದ ನೋಡಿದ್ದಳು. ಸಾವಿರ ಮೈಲಿಯಿಂದ ಬಂದವರು ಯಾರ ಪೈಕಿಯೋ ಮಠದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎರಡು ಮೈಲಿಯಿಂದ ಬಂದವರದು ಎಲ್ಲರಿಗೂ ಗೊತ್ತಿತ್ತು.

ಕಾರು ನಿಂತಾಗ ಹುಣಸೆಮರದ ಕೆಳಗೆ ಅವಳ ಅಪ್ಪ ಮುನಿಶಾಮಪ್ಪ ನಿಂತಿದ್ದ. ನಲವತ್ತು ವರ್ಷದಿಂದ ಮಠದ ಒಲೆಗೆ ಸೌದೆ ಒಡೆದು ಹಾಕುವವನು ಅವನೇ. ಇವತ್ತೂ ಒಂದು ಹೊರೆ ನೀಲಗಿರಿ ಸೌದೆ ಅಡಿಗೆಮನೆಯ ಹಿಂಬದಿಗೆ ಇಳಿಸಿ, ಕೈಕಾಲು ತೊಳೆದು, ಒಗೆದ ಅಂಗಿ ತೊಟ್ಟುಕೊಂಡಿದ್ದ.

"ಬಂದ್ಯಾ ಮಗಾ. ಇವ್ರೇ ಏನು ನಿಮ್ಮ ಮನೇ ಅಮ್ಮ?" ಎಂದು ಕೈಮುಗಿದ. ಎನ್ಕಾರ್ನಾ ಮುಗಿದ ಆ ಎರಡು ಕೈಗಳನ್ನೂ ತಮ್ಮ ಕೈಗಳಲ್ಲಿ ಹಿಡಿದುಕೊಂಡು ಅಲ್ಲಾಡಿಸಿದರು. ಅಪ್ಪ ಮುಜುಗರದಿಂದ ನಕ್ಕು ಅಳಿಯನ ಕಡೆ ನೋಡಿದ. "ಕೈ ಬಿಡಾಕಿಲ್ವಾ ಇವ್ರು?"

"ಬಿಡ್ತಾರೆ ಮಾವ. ವಸಿ ಹೊತ್ತಾಯ್ತದೆ," ಎಂದ ನರೇಶ.

ಮಠದ ಪಾರುಪತ್ಯ ನೋಡುವ ರಾಮಚಂದ್ರಪ್ಪ ಬಾಗಿಲಿಗೇ ಬಂದರು. ಬಿಳಿ ಪಂಚೆ, ಜೇಬಿನಲ್ಲಿ ಎರಡು ಮೊಬೈಲು. ಒಳ್ಳೆಯವರೇ. ಶಶಿರೇಖಾ ಹೈಸ್ಕೂಲಿಗೆ ಹೋಗುವಾಗ ಮಠದ ಲೆಕ್ಕದಲ್ಲಿ ನೋಟುಬುಕ್ಕು ಕೊಡಿಸಿದವರು. "ಬಾಮ್ಮಾ ಶಶಿರೇಖಾ, ಚೆನ್ನಾಗಿದ್ದೀಯಾ? ಫಾರಿನ್ನಿನೋರನ್ನ ಕರ್ಕೊಂಡು ಬತ್ತೀಯ ಅಂತ ನಿಮ್ಮಪ್ಪ ಅಂದಾಗ ನಾನು ನಂಬ್ನಿಲ್ಲ," ಎಂದು ಎನ್ಕಾರ್ನಾ ಅವರಿಗೆ ನಮಸ್ಕರಿಸಿ, ನಂತರ ಅಪ್ಪನ ಕಡೆ ತಿರುಗಿ, "ಏನ್ಲಾ ಮುನಿಶಾಮಿ, ಸೌದೆ ಒಣಗೈತೇನ್ಲಾ? ಹೋದ್ಸಲ ಬರೀ ಹೊಗೆ," ಎಂದರು. ಅಪ್ಪನಿಗಿಂತ ಅವರು ಹನ್ನೆರಡು ವರ್ಷ ಚಿಕ್ಕವರು.

"ಒಣಗ್ಯದೆ ಬುದ್ಧಿ," ಎಂದ ಅಪ್ಪ.

ಹೊರಗಿನ ಕೈಸಾಲೆಯ ಕಂಬಗಳನ್ನು ರಾಮಚಂದ್ರಪ್ಪನವರು ಒಂದೊಂದಾಗಿ ತೋರಿಸಿದರು. ಎತ್ತುಗಳಿಗೆ ನೀರು ಹಾಕುತ್ತಿದ್ದ ಉದ್ದನೆಯ ಕಲ್ಲುತೊಟ್ಟಿ, ಅರ್ಧ ಹೂತುಹೋದ ಶಾಸನ, ಒಂದು ಕಂಬದ ಬುಡದಲ್ಲಿ ಒಂಟೆ. ಆ ಒಂಟೆಯನ್ನು ಕೆತ್ತಿದವನು ಒಂಟೆ ನೋಡಿರಲಿಲ್ಲವೆಂದು ಕಾಣುತ್ತದೆ. ಎಮ್ಮೆಗೆ ಗೂನು ಬಂದಂತಿತ್ತು. ಎನ್ಕಾರ್ನಾ ಮೊಣಕಾಲೂರಿ ಕೂತು ಅದರ ಮೂತಿ ಸವರಿದರು. "ಯಾರೋ ಹೇಳಿದ್ದನ್ನು ಕೇಳಿ ಕೆತ್ತಿದ್ದಾನೆ ಪಾಪ. ಹೇಳಿದವನು ಸರಿಯಾಗಿ ಹೇಳಿದನೋ ಇಲ್ಲವೋ," ಎಂದರು. ಶಶಿರೇಖಾ ಅದನ್ನು ಕನ್ನಡಕ್ಕೆ ತಂದಳು. ಎಲ್ಲರೂ ನಕ್ಕರು.

ಆಮೇಲೆ ಹೊಸಿಲು ಬಂತು.

ಎನ್ಕಾರ್ನಾ ಚಪ್ಪಲಿ ಕಳಚಿ ಸಲೀಸಾಗಿ ದಾಟಿ ಒಳಾಂಗಣಕ್ಕೆ ಹೋದರು. ನರೇಶ, ಅಪ್ಪನ ಜೊತೆ ಹೊರಜಗಲಿಯಲ್ಲಿ ಕೂತಾಗಿತ್ತು. ಶಶಿರೇಖಾ ನಿಂತಳು. ರಾಮಚಂದ್ರಪ್ಪನವರೂ ನಿಂತರು. ಒಂದು ಕ್ಷಣ ಇಬ್ಬರೂ ನೆಲ ನೋಡಿದರು.

"ನೀನಿಲ್ದೆ ಆಯಮ್ಮನ ಮಾತು ಯಾರಿಗೂ ತಿಳಿಯಾಕಿಲ್ಲ," ಎಂದರು ಅವರು ಕೊನೆಗೆ, ತಗ್ಗಿದ ದನಿಯಲ್ಲಿ. "ಒಂದ್ ಕೆಲ್ಸ ಮಾಡು. ಹಿಂದ್ಗಡೆಯಿಂದ ಬಂದ್ಬುಡು. ಅಡಿಗೆಮನೆ ಹಿಂಬಾಗ್ಲಲ್ಲಿ ನಿಂತ್ಕೊಂಡ್ರೆ ಕೇಳಿಸ್ತದೆ. ತಪ್ಪು ತಿಳ್ಕೋಬೇಡಮ್ಮ. ನನ್ ಕೈಲೇನೈತೆ, ಪದ್ಧತಿ."

"ಇಲ್ಲ ಸಾರ್," ಎಂದಳು ಅವಳು. ತಪ್ಪು ತಿಳಿದುಕೊಂಡಿಲ್ಲ ಎಂದೋ, ತಿಳಿದುಕೊಂಡಿದ್ದೇನೆ ಎಂದೋ, ಅವಳಿಗೇ ಗೊತ್ತಾಗಲಿಲ್ಲ.

ಹಿಂಬಾಗಿಲಲ್ಲಿ ನಿಂತರೆ ಅಡಿಗೆಮನೆಯೆಲ್ಲ ಕಾಣುತ್ತಿತ್ತು. ಮಠದ ಅಡಿಗೆಯ ನರಸಮ್ಮ ಸೆರಗು ಸಿಕ್ಕಿಸಿಕೊಂಡು ಪರೀಕ್ಷೆಗೆ ಕೂತವಳಂತೆ ಸಿದ್ಧವಾಗಿದ್ದಳು. ಎನ್ಕಾರ್ನಾ ದೊಡ್ಡ ಬಾಣಲೆಗೆ ಎಣ್ಣೆ ಸುರಿದರು. ತಂದ ಬಾಟಲಿ ಸಾಲದೆ ಕಡಲೆಕಾಯಿ ಎಣ್ಣೆ ಸೇರಿತು. ಸಿಪ್ಪೆ ಸಮೇತ ಬೆಳ್ಳುಳ್ಳಿ ಹುರಿದು, ಮೆಣಸಿನಕಾಯಿ ಬಾಡಿಸಿ ತೆಗೆದಿಟ್ಟು, ನೀರು, ಉಪ್ಪು, ಕುದಿ ಬಂದ ಮೇಲೆ ರವೆ.

"ಅಯ್ಯೋ ರಾಮಾ, ಉಪ್ಪಿಟ್ಟು," ಎಂದಳು ನರಸಮ್ಮ, ಬಹಳ ನಿರಾಸೆಯಿಂದ. "ಇದಕ್ಕೆ ಅಷ್ಟು ದೂರದಿಂದ ಬರ್ಬೇಕಿತ್ತಾ?"

ಆದರೆ ಎನ್ಕಾರ್ನಾ ಇಳಿಸಲಿಲ್ಲ. ಗಂಟುಗಂಟಾದ ರವೆಯನ್ನು ಸಟ್ಟುಗದ ಅಂಚಿನಿಂದ ಕಡಿಯುತ್ತಾ, ಮಗುಚುತ್ತಾ, ಮತ್ತೆ ಕಡಿಯುತ್ತಾ ನಿಂತರು. ಹತ್ತು ನಿಮಿಷ ಕಳೆಯಿತು, ಇಪ್ಪತ್ತು ಕಳೆಯಿತು. ಮುದ್ದೆಯಾಗಿದ್ದುದು ಮೆಲ್ಲಗೆ ಬಿಡಿಬಿಡಿಯಾಗಿ, ಹೊಂಬಣ್ಣದ ಕಾಳುಕಾಳಾಗಿ, ಬಾಣಲೆಯಲ್ಲಿ ಮಳಲಿನಂತೆ ಸದ್ದು ಮಾಡತೊಡಗಿತು. ನರಸಮ್ಮ ಹತ್ತಿರ ಬಂದು ಮೂಸಿದಳು. ಎನ್ಕಾರ್ನಾ ಅವರ ಕೈಯಿಂದ ಸಟ್ಟುಗ ಕಿತ್ತುಕೊಂಡಳು. "ಬಿಡು ತಾಯಿ, ನಿನ್ ಕೈ ನೋಯ್ತದೆ. ಶಶೀ, ಇನ್ನೂ ಎಷ್ಟೊತ್ತು ತಿರುಗಿಸ್ಬೇಕಂತೆ ಕೇಳು."

ಶಶಿರೇಖಾ ಕೇಳಿದಳು. ಎನ್ಕಾರ್ನಾ ಹಣೆಯ ಬೆವರು ಒರೆಸಿಕೊಂಡು ಬಾಗಿಲ ಕಡೆ ನೋಡಿದರು.

"ನೀನು ಯಾಕೆ ಅಲ್ಲೇ ನಿಂತಿದ್ದೀಯಾ? ಒಳಗೆ ಬಾ. ಕಿರುಚಿ ಕಿರುಚಿ ನನ್ನ ಗಂಟಲು ಹೋಯಿತು."

"ಹೊಗೆ. ನನಗೆ ಹೊಗೆ ಆಗುವುದಿಲ್ಲ."

ಎನ್ಕಾರ್ನಾ ಒಲೆಯ ಕಡೆ ನೋಡಿದರು. ಅಪ್ಪ ಒಡೆದ ಸೌದೆ ಚೆನ್ನಾಗಿ ಒಣಗಿತ್ತು. ಒಂದೆಳೆ ಹೊಗೆ ಇರಲಿಲ್ಲ. ಅವರು ಮತ್ತೆ ಬಾಣಲೆಯ ಕಡೆ ತಿರುಗಿದರು.

ಅಷ್ಟರಲ್ಲಿ ಹಿರಿಯಯ್ಯನವರು ಬಂದರು. ಎಂಬತ್ತು ದಾಟಿದ ಸಣಕಲು ದೇಹ, ಒಂದು ಕಣ್ಣಿಗೆ ಪೊರೆ. ಅಡಿಗೆಮನೆಗೂ ಒಳಾಂಗಣಕ್ಕೂ ನಡುವಿನ ಬಾಗಿಲಲ್ಲಿ ಕೂತು ಗಾಳಿಯಲ್ಲಿ ಮೂಗರಳಿಸಿ, "ಬೆಳ್ಳುಳ್ಳಿ ಗಮ್ಮಂತದೆ," ಎಂದರು. ರಾಮಚಂದ್ರಪ್ಪ ಅವರ ಹಿಂದೆ ಬಾಳೆಲೆಯ ಕಟ್ಟು ಹಿಡಿದು ನಿಂತಿದ್ದರು.

"ಎಲೆ ಹಾಕ್ಸೋಣ್ವಾ ಅಯ್ಯನೋರೇ? ಒಳಗೆ ಹನ್ನೆರಡು, ಹೊರಗೆ ಮೂರು."

ಹೊರಗೆ ಮೂರು. ಅಪ್ಪ, ನರೇಶ, ತಾನು. ಎಷ್ಟು ಸಹಜವಾಗಿ ಲೆಕ್ಕ ಮುಗಿಯಿತು. ಇನ್ನು ಐದು ನಿಮಿಷಕ್ಕೆ ಎನ್ಕಾರ್ನಾ ತಮ್ಮ ಪಕ್ಕದ ಎಲೆಯನ್ನು ಅಂಗೈಯಿಂದ ತಟ್ಟಿ ಇಲ್ಲಿ ಬಾ ಎನ್ನುತ್ತಾರೆ. ಆಗ ಏನು ಹೇಳುವುದು? ಹೊಗೆಯೇ? ಗಾಳಿಯೇ?

"ತಡಿ," ಎಂದರು ಹಿರಿಯಯ್ಯನವರು. "ಅವ್ರೂರಲ್ಲಿ ಇದನ್ನ ಎಂಗೆ ಉಣ್ತಾರಂತೆ ಮೊದ್ಲು ಕೇಳ್ಬೇಕಲ್ಲ. ಕೇಳಮ್ಮಾ."

ಶಶಿರೇಖಾ ಕೇಳಿದಳು.

ಎನ್ಕಾರ್ನಾ ಬೆಳ್ಳುಳ್ಳಿಯನ್ನು ಮತ್ತೆ ಬಾಣಲೆಗೆ ಸುರಿಯುತ್ತಾ, ತಲೆ ಎತ್ತದೆ ಹೇಳಿದರು: "ಹೇಗಾದರೂ ಸರಿ. ಮನೆಯಲ್ಲಿ ತಟ್ಟೆಗೆ ಹಾಕಿಕೊಳ್ಳುತ್ತೇವೆ. ಇವರಿಗೆ ಎಲೆಯೇ ಅನುಕೂಲವಾದರೆ ಎಲೆ."

ಇಷ್ಟೇ. ದಾಟಿಸಬೇಕಾದದ್ದು ಇಷ್ಟೇ. ಎಂಟೊಂಬತ್ತು ಪದ. ಹದಿನಾಲ್ಕು ವರ್ಷದ ಕೆಲಸದಲ್ಲಿ ಶಶಿರೇಖಾ ಒಂದು ಟಿಪ್ಪಣಿಯನ್ನೂ ಬೇಕೆಂದು ತಪ್ಪಾಗಿ ಬರೆದವಳಲ್ಲ. ಅವಳಿಗೆ ಆ ಗೂನು ಎಮ್ಮೆ ಕಣ್ಣ ಮುಂದೆ ಬಂತು.

"ಕೂತು ಉಣ್ಣೋದಿಲ್ವಂತೆ ಅಯ್ಯನೋರೇ," ಎಂದಳು. "ಬಾಣಲೇನ ಅಂಗಳದಲ್ಲಿ ಇಡ್ತಾರಂತೆ. ಎಲ್ಲಾರೂ ಸುತ್ತ ನಿಂತ್ಕೊಳ್ಳೋದು. ಒಂದು ತುತ್ತು ತಗೊಳ್ಳೋದು, ಒಂದು ಹೆಜ್ಜೆ ಹಿಂದಕ್ಕೆ ಹೋಗೋದು. ಇನ್ನೊಬ್ರಿಗೆ ಜಾಗ ಬಿಡೋದು."

ರಾಮಚಂದ್ರಪ್ಪನವರ ಹುಬ್ಬು ಮೇಲಕ್ಕೆ ಹೋಯಿತು. "ಒಂದೇ ಬಾಣಲೇಲಾ? ಎಂಜಲಾಗಾಕಿಲ್ವಾ?"

"ಎಲೆ ಮಡಚ್ಕೊಂಡು ಎತ್ತಿ ಅಂಗೈಗೆ ಹಾಕ್ಕೊಂಡ್ರೆ ಎಂಜಲು ಎಲ್ಲಿ ಬಂತು ಸಾರ್."

"ಎಲ್ಲಾರೂ ಅಂದ್ರೆ?"

ಕೇಳಿಯೇಬಿಟ್ಟರು. ಅವಳು ಬಾಗಿಲ ಕಂಬವನ್ನು ಹಿಡಿದುಕೊಂಡಳು. "ಅಡಿಗೆ ಮಾಡಿದೋರು, ನೀರು ತಂದೋರು, ಸೌದೆ ಹಾಕಿದೋರು. ಜೊತೇಲಿ ಬಂದೋರು. ಎಲ್ಲಾರೂ."

ನರಸಮ್ಮ ಸಟ್ಟುಗ ಆಡಿಸುವುದನ್ನು ನಿಲ್ಲಿಸಿದ್ದಳು. ಹಿರಿಯಯ್ಯನವರು ಪೊರೆಯಿಲ್ಲದ ಕಣ್ಣಿನಿಂದ ಹಿಂಬಾಗಿಲ ಕಡೆ ಬಹಳ ಹೊತ್ತು ನೋಡಿದರು.

"ನೀನು ಮುನಿಶಾಮಿ ಮಗಳಲ್ವಾ?"

"ಹೌದು ಅಯ್ಯನೋರೇ."

"ಆಯಮ್ಮ ನಾಕು ಮಾತಾಡಿದ್ರು. ನೀನು ಹತ್ತು ಹೇಳ್ದೆ."

"ಆ ಭಾಷೆ... ಹಂಗೇ ಅಯ್ಯನೋರೇ. ಮಾತು ವಸಿ, ಅರ್ಥ ಜಾಸ್ತಿ."

"ಹಂಗೋ," ಎಂದರು ಅವರು. ಆಮೇಲೆ ಮೊಣಕಾಲಿಗೆ ಕೈಕೊಟ್ಟು ಏಳುತ್ತಾ, "ರಾಮಚಂದ್ರಪ್ಪ, ಆ ಕಲ್ಲುಕೆಲ್ಸದೋರ ಬಾಟಿ ಗುದ್ದಿ ನನ್ ಕೈ ಎರಡು ದಿನ ಊದ್ಕೊಂಡಿತ್ತು, ಮರ್ತೋಯ್ತಾ? ಆವಾಗ ಪದ್ಧತಿ ಅಂದೋನು ನೀನೇ. ಇವತ್ತು ನಿಂತ್ಕೊಳ್ಳೋಕೆ ಕಾಲು ನೋಯ್ತದಾ? ಬಾಣಲೆ ಅಂಗಳಕ್ಕೆ ತನ್ನಿ."

"ಅಲ್ಲ ಅಯ್ಯನೋರೇ, ಸೌದೆಯೋರು ಅಂದ್ರೆ..."

"ಅವ್ರೂರ ರೀತಿ ಅಂದ್ಮೇಲೆ ಅರ್ಧ ನಡ್ಸೋದು, ಅರ್ಧ ಬಿಡೋದು ಏನು? ತನ್ನಿ."

ಶಶಿರೇಖಾ ಹಿಂದಿನಿಂದ ಸುತ್ತಿ ಹೊರಜಗಲಿಗೆ ಓಡಿದಳು. ಓಡಿದಳೆಂದು ಆಮೇಲೆ ನರೇಶ ಹೇಳಿದ. ಅವಳಿಗೆ ನೆನಪಿಲ್ಲ.

"ಅಪ್ಪಾ, ಏಳು. ಒಳಗೆ ಕರೀತಾವ್ರೆ. ಉಣ್ಣೋಕೆ."

ಅಪ್ಪ ಎಲೆಯಡಿಕೆ ಮಡಿಸುತ್ತಿದ್ದವನು ನಿಲ್ಲಿಸಿದ. "ನನ್ನಾ? ಬ್ಯಾಡ ಮಗಾ. ಇಲ್ಲೇ ಹಾಕುಸ್ಕೊಡು."

"ಸೌದೆ ಹಾಕಿದೋರು ಬರ್ಲೇಬೇಕಂತೆ."

"ಯಾರಂದ್ರು?"

"ಎನ್ಕಾರ್ನಾ ಅಂದ್ರು," ಎಂದಳು. ಅಪ್ಪ ಅವಳ ಮುಖವನ್ನೇ ನೋಡುತ್ತಿದ್ದ. ಒಳಗೆ ಆಡಿದ ಮಾತನ್ನು ಅವನಿಗೂ ಆಡಲು ಆಗಲಿಲ್ಲ. "ಇಲ್ಲ ಕಣಪ್ಪಾ. ನಾನೇ ಅಂದೆ. ಅವ್ರ ಹೆಸ್ರು ಹೇಳ್ದೆ ಅಷ್ಟೇ."

ನರೇಶ ಸಣ್ಣಗೆ ಸಿಳ್ಳೆ ಹಾಕಿದ. ಅಪ್ಪ ಎಲೆಯಡಿಕೆಯನ್ನು ಹಾಗೇ ಸಂಚಿಗೆ ಹಾಕಿ, ಅದರ ದಾರ ಎಳೆದು, ಬಹಳ ನಿಧಾನವಾಗಿ ಎದ್ದ. ಹೊಸಿಲ ಹತ್ತಿರ ಬಂದು ಕೆಳಗೆ ನೋಡಿದ.

"ಈ ಕಲ್ಲು ಇಕ್ಕಿದ್ದು ನಾನೂ ನಿಮ್ಮ ದೊಡ್ಡಪ್ಪನೂ," ಎಂದ. "ಹಳೇ ಕಲ್ಲು ಬಿರುಕು ಬಿಟ್ಟಿತ್ತು. ನೀನು ಇನ್ನೂ ಹುಟ್ಟಿರ್ನಿಲ್ಲ. ಈ ಕಡೆ ನಿಂತ್ಕೊಂಡೇ ಹಾರೆ ಹಾಕಿ ಕೂರ್ಸುದ್ವಿ. ಆ ಕಡೆಯಿಂದ ಹಾರೆ ಹಾಕಿದ್ರೆ ಸಲೀಸಾಗ್ತಿತ್ತು."

ಒಳಾಂಗಣ ಚಿಕ್ಕದು. ಮೇಲೆ ಬಯಲು, ಸುತ್ತ ಕಂಬ. ನಡುವೆ ಬಾಣಲೆ, ಅದರ ಮೇಲೆ ಹುರಿದ ಮೆಣಸಿನಕಾಯಿ, ಪಕ್ಕದ ಬುಟ್ಟಿಯಲ್ಲಿ ದ್ರಾಕ್ಷಿ. ಜನ ಹೇಗೆ ನಿಲ್ಲಬೇಕೆಂದು ತಿಳಿಯದೆ ಫೋಟೋಕ್ಕೆ ನಿಂತವರ ಹಾಗೆ ನಿಂತಿದ್ದರು. ಮಠದಲ್ಲಿ ಓದುವ ವಟುಗಳು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ಎನ್ಕಾರ್ನಾ ಬಾಣಲೆ ಅಂಗಳಕ್ಕೆ ಬಂದದ್ದನ್ನು ಕಂಡು ಬೆರಗಾಗಿ, ಶಶಿರೇಖಾ ಒಳಗೆ ಬಂದದ್ದನ್ನು ಕಂಡು ಇನ್ನೂ ಬೆರಗಾಗಿ, ಬಾಯಿ ತೆರೆದವರು ಅವಳ ಮುಖ ನೋಡಿ ಮುಚ್ಚಿಕೊಂಡರು. ಬಾಳೆಲೆಯ ಚೂರನ್ನು ಮಡಚಿ ಮೊದಲ ತುತ್ತು ಎತ್ತಿದರು. ಅಂಗೈಗೆ ಹಾಕಿಕೊಂಡು ತಿಂದು, ಒಂದು ಹೆಜ್ಜೆ ಹಿಂದೆ ಸರಿದರು.

ಎರಡನೆಯವರು ಹಿರಿಯಯ್ಯನವರು. ಅಗಿದು, ಕಣ್ಣು ಮುಚ್ಚಿ, "ಉಪ್ಪಿಟ್ಟಲ್ಲ ಇದು," ಎಂದರು. ಒಂದು ಹೆಜ್ಜೆ ಹಿಂದೆ.

"ನಾನು ಆವಾಗ್ಲೇ ಅಂದೆ," ಎಂದಳು ನರಸಮ್ಮ. ಎರಡು ತುತ್ತು ಒಟ್ಟಿಗೆ ಎತ್ತಿದಳು, ಹೆಜ್ಜೆ ಮಾತ್ರ ಒಂದೇ ಹಿಂದೆ ಇಟ್ಟಳು. ವಟುಗಳು ನಗುತ್ತಾ ಬಂದರು, ನಗುತ್ತಾ ಸರಿದರು. ರಾಮಚಂದ್ರಪ್ಪ ಒಂದು ತುತ್ತು ತೆಗೆದುಕೊಂಡರು. ಅದೇ ಹೊತ್ತಿಗೆ ಅವರ ಒಂದು ಮೊಬೈಲು ರಿಂಗಾಯಿತು. ಅದನ್ನು ಕಿವಿಗಿಟ್ಟು ಕಂಬದಾಚೆ ಹೋದವರು ಮತ್ತೆ ಬರಲಿಲ್ಲ. ಆದರೆ ಹೋಗುವಾಗ ಅಂಗೈಯಲ್ಲಿದ್ದುದನ್ನು ತಿಂದಿದ್ದರು. ಶಶಿರೇಖಾ ನೋಡಿದ್ದಳು.

ನರೇಶ ತಿಂದ. ಶಶಿರೇಖಾ ತಿಂದಳು. ಬಾಯಿಗೆ ಬೆಳ್ಳುಳ್ಳಿಯೂ ಎಣ್ಣೆಯೂ ಸೇರಿದ ಅದೇ ರುಚಿ. ಅವಳ ಗಮನವೆಲ್ಲ ಹೊಸಿಲ ಮೇಲಿತ್ತು.

ಅಪ್ಪ ಹೊಸಿಲು ದಾಟಿ ಅಲ್ಲೇ ಗೋಡೆಗೆ ಬೆನ್ನು ತಾಗಿಸಿ ನಿಂತಿದ್ದ. ಹೆಗಲ ಟವೆಲು ಕೈಗೆ ಬಂದಿತ್ತು. "ಬಾ ಮುನಿಶಾಮಿ," ಎಂದರು ಹಿರಿಯಯ್ಯನವರು, ಅವನ ಕಡೆ ನೋಡದೆ, ದ್ರಾಕ್ಷಿ ಬಿಡಿಸುತ್ತಾ. ಅಪ್ಪ ಬಂದ. ಬಾಣಲೆಯಿಂದ ಎರಡು ಮೊಳ ದೂರದಲ್ಲಿ ನಿಂತು, ಸೊಂಟ ಬಗ್ಗಿಸಿ, ಕೈ ಉದ್ದ ಚಾಚಿ ಅಂಚಿನಿಂದ ವಸಿಯೇ ವಸಿ ಎತ್ತಿಕೊಂಡ. ತಿಂದ. ಒಂದು ಹೆಜ್ಜೆ ಹಿಂದಿಟ್ಟ. ಇನ್ನೊಂದು ಇಟ್ಟ. ಇನ್ನೂ ಒಂದು, ಮತ್ತೂ ಒಂದು, ಬೆನ್ನು ಬಾಗಿಲ ಕಂಬಕ್ಕೆ ತಾಗುವವರೆಗೆ.

ಎನ್ಕಾರ್ನಾ ಶಶಿರೇಖಾಳ ಪಕ್ಕಕ್ಕೆ ಬಂದರು. "ನಿಮ್ಮ ತಂದೆಗೆ ಹೇಳು, ಒಂದೇ ಹೆಜ್ಜೆ. ಅಷ್ಟು ದೂರ ಹೋದರೆ ಸರದಿ ತಪ್ಪುತ್ತದೆ."

ಶಶಿರೇಖಾ ಹೇಳಿದಳು. ಅಪ್ಪನಿಗಲ್ಲ, ಎನ್ಕಾರ್ನಾ ಅವರಿಗೆ. ಮಾತುಗಳನ್ನು ಒಂದೊಂದಾಗಿ ಆರಿಸಿ, ಅವರ ಭಾಷೆಯಲ್ಲಿ. "ಅವರು ಈ ಹೊಸಿಲು ದಾಟಿದ್ದು ಇವತ್ತೇ ಮೊದಲು. ನಾನೂ ಅಷ್ಟೇ. ನಮ್ಮವರನ್ನು ಹೊರಗೆ ಕೂರಿಸುತ್ತಾರೆ. ನಮ್ಮ ಮಠ ಎಂದು ನಾನು ನಿಮಗೆ ಹೇಳಿದ್ದು ಸುಳ್ಳು. ಹೊಗೆಯೂ ಸುಳ್ಳು. ಮತ್ತೆ ನೀವು ತಟ್ಟೆ ಅಂದಿರಿ. ನಾನು ಇವರಿಗೆ ಬಾಣಲೆ ಎಂದು ಹೇಳಿದೆ. ಎಲ್ಲರೂ ಸುತ್ತ ನಿಲ್ಲಬೇಕು ಎಂದು ನೀವು ಹೇಳಿದಿರಿ ಅಂತ ಹೇಳಿದೆ."

ಎನ್ಕಾರ್ನಾ ಬಾಣಲೆಯನ್ನೂ, ಕಂಬಕ್ಕೆ ಅಂಟಿಕೊಂಡ ಮುದುಕನನ್ನೂ, ಕಲ್ಲಿನ ಹೊಸಿಲನ್ನೂ ನೋಡಿದರು. ಅವರ ಮುಖ ಕೆಂಪಗಾಯಿತು. ಸಿಟ್ಟೋ, ಒಲೆಯ ಕಾವೋ. "ಹಾಗೆಂದು ನಾನು ಹೇಳಿದೆನೇ?" ಎಂದರು.

"ಹೌದು."

"ಹಾಗಾದರೆ ಚೆನ್ನಾಗಿಯೇ ಹೇಳಿದ್ದೇನೆ," ಎಂದು ಸರದಿಗೆ ಮುಂದೆ ಹೋದರು.

ಎರಡನೇ ಸುತ್ತು ಬಂತು. ಅಪ್ಪನನ್ನು ಯಾರೂ ಕರೆಯಲಿಲ್ಲ. ಅವನ ಮುಂದಿನ ವಟು ತಿಂದು ಸರಿದು, ತಿರುಗಿ ನೋಡಿ, ಜಾಗ ಬಿಟ್ಟು ಕಾದ. ಅಪ್ಪ ಬಂದ. ಈ ಸಲ ಅಷ್ಟು ಬಗ್ಗಲಿಲ್ಲ. ತಿಂದು ಎರಡು ಹೆಜ್ಜೆ ಹಿಂದೆ ಹೋದ. ಶಶಿರೇಖಾ ಎಣಿಸಿದಳು. ಎಣಿಸಬಾರದೆಂದುಕೊಂಡೂ ಎಣಿಸಿದಳು.

ಮೂರನೇ ಸುತ್ತಿಗೆ ಬಾಣಲೆ ತಳ ಕಾಣತೊಡಗಿತ್ತು. ತಳದ ಗರಿಗರಿ ಸೀಕಿಗಾಗಿ ನರೇಶನೂ ನರಸಮ್ಮನೂ ಜಗಳಕ್ಕೆ ನಿಂತಿದ್ದರು. ಅಪ್ಪ ಬಂದು ಇಬ್ಬರ ನಡುವೆ ಎಲೆ ತೂರಿಸಿ ಸೀಕನ್ನು ಎಬ್ಬಿಸಿಕೊಂಡ. ಅಗಿಯುತ್ತಾ ಒಂದು ಹೆಜ್ಜೆ ಹಿಂದಿಟ್ಟು, ಅಲ್ಲೇ ನಿಂತ. ಏನೋ ಯೋಚಿಸುವವನಂತೆ ನಾಲಿಗೆಯನ್ನು ಬಾಯೊಳಗೆಲ್ಲ ಆಡಿಸಿದ. ನಲವತ್ತು ವರ್ಷದಿಂದ ಹೊರಜಗಲಿಯಲ್ಲಿ ಮಠದ ಊಟ ಉಂಡು, ಕೊಟ್ಟದ್ದಕ್ಕೆಲ್ಲ ಕೈಮುಗಿದವನು ಅವನು.

"ಉಪ್ಪು ವಸಿ ಕಮ್ಮಿ ಆಗ್ಯದೆ, ನರಸಮ್ಮ," ಎಂದ.